ಅಪ್ಪನ ಕಾಲದ 1210 ಲಾರಿ: ಮನೆಯಲ್ಲೇ ಎಂಜಿನ್ ಕೆಲಸ ಮಾಡಬಹುದಾ?

ಪ್ರಶ್ನೆ: ಸರ್, ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಪ್ಪನ ಕಾಲದ ಟಾಟಾ 1210 ಲಾರಿ ಇದೆ, 697 ಎಂಜಿನ್. ತೆಂಗಿನಕಾಯಿ, ಸಿಪ್ಪೆ ಸಾಗಿಸೋದಕ್ಕೆ ಅದೇ ಆಧಾರ. ಈಗ ಬೆಳಿಗ್ಗೆ ಸ್ಟಾರ್ಟ್ ಆಗೋದೇ ಕಷ್ಟ. ನೀಲಿ ಹೊಗೆ ಬರುತ್ತೆ. ವಾರಕ್ಕೆ ಎರಡು ಲೀಟರ್ ಆಯಿಲ್ ಕುಡಿಯುತ್ತೆ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಮುಳ್ಳು ಕೆಳಗೆ ಬಿದ್ದುಬಿಡುತ್ತೆ. ಗ್ಯಾರೇಜಿನವರು ‘ಫುಲ್ ಎಂಜಿನ್ ಮಾಡಿಸಬೇಕು’ ಅಂದರು. ಅವರು ಹೇಳಿದ ಮೊತ್ತ ನಮ್ಮ ಕೈಗೆಟುಕೋದಿಲ್ಲ. ನನ್ನ ಹತ್ತಿರ ಇರೋದು 80 ಸಾವಿರ. ಐಟಿಐನಲ್ಲಿ ಫಿಟ್ಟರ್ ಮಾಡಿದ್ದೀನಿ, ಟ್ರ್ಯಾಕ್ಟರ್ ಕೆಲಸ ಸ್ವಲ್ಪ ಗೊತ್ತು. ಮನೆಯಲ್ಲೇ ಮಾಡಬಹುದಾ?

ಉತ್ತರ: ಮಾಡಬಹುದು. ಫಿಟ್ಟರ್ ಕಲಿತ ಕೈ ಇದೆ, ಅಳತೆ ಅಂದರೆ ಏನು ಅಂತ ನಿಮಗೆ ಗೊತ್ತು. ಈ ಕೆಲಸಕ್ಕೆ ಬೇಕಾಗಿರೋದು ಅದೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಳತೆ ತೆಗೆಯುವ ಮೊದಲು ಒಂದು ಪಿಸ್ಟನ್ ರಿಂಗ್ ಸೆಟ್ ಕೂಡ ಕೊಳ್ಳಬೇಡಿ. ಮನೆಯಲ್ಲಿ ಎಂಜಿನ್ ಬಿಚ್ಚಿದವರಲ್ಲಿ ಹಣ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚಿನವರು ಕಳೆದುಕೊಂಡಿದ್ದು ಕೆಲಸ ಗೊತ್ತಿಲ್ಲದೆ ಅಲ್ಲ. ಮೊದಲು ಸಾಮಾನು ತಂದು, ಆಮೇಲೆ ಎಂಜಿನ್ ಬಿಚ್ಚಿದ್ದರಿಂದ.

ನಿಮ್ಮ ಪುಣ್ಯಕ್ಕೆ ಎಂಜಿನ್ ಒಳ್ಳೆಯದು. 697 ಅಂದರೆ 6 ಸಿಲಿಂಡರ್, 97 ಮಿ.ಮೀ. ಬೋರ್ (ಪಿಸ್ಟನ್ ಓಡಾಡುವ ಕೊಳವೆಯ ಅಗಲ). ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 128 ಮಿ.ಮೀ., ಒಟ್ಟು 5,675 ಸಿಸಿ. ಟಾಟಾದವರ ಟೆಲ್ಕೊ ಕಂಪನಿ 1954ರಿಂದ 1969ರ ತನಕ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿತ್ತು. ಆ ಸಂಬಂಧದ ಗುರುತು ಈ ಎಂಜಿನ್ನಿನಲ್ಲಿ ಇವತ್ತಿಗೂ ಇದೆ. ಮರ್ಸಿಡಿಸ್‌ನ ಓಎಂ 352 ಎಂಜಿನ್ನಿಗೂ ಇದೇ ಬೋರು, ಇದೇ ಸ್ಟ್ರೋಕು. ಟಾಟಾ 407 ಸಣ್ಣ ಲಾರಿಯಲ್ಲಿ ಬಂದ 497 ಎಂಜಿನ್ ಇದಕ್ಕೆ ತಮ್ಮನಿದ್ದ ಹಾಗೆ, ಅದೇ 97 ಬೋರಿನ 4 ಸಿಲಿಂಡರ್. ಇದರಲ್ಲಿ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುವ, ಕೈಗೆ ಸಿಗುವ ಕಬ್ಬಿಣ. ಅದಕ್ಕೇ ಮನೆಯಲ್ಲೇ ತಗಡಿನ ಶೀಟಿನ ಮಾಡಿನ ಕೆಳಗೆ ಕೂತು ಮಾಡಬಹುದು ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ.

ಬಿಚ್ಚುವ ಮೊದಲು ಎರಡು ದಿನ ಎಂಜಿನ್ ಜೊತೆ ಕಳೆಯಿರಿ. ಚೆನ್ನಾಗಿ ಬಿಸಿ ಮಾಡಿ, ಸ್ಲೋ ಮೇಲೆ ಬಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಉಸಿರು ಬಿಟ್ಟ ಹಾಗೆ ಹೊಗೆ ಬುಸ್ ಬುಸ್ ಅಂತ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ. ಅಂದರೆ ರಿಂಗು, ಬೋರು ಸವೆದಿದೆ. ಹೊಗೆಯೇ ಬರದಿದ್ದರೆ ನೀಲಿ ಹೊಗೆಗೆ ವಾಲ್ವ್ ಗೈಡ್ ಕಾರಣ ಇರಬಹುದು. ಆಗ ಹೆಡ್, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲಿನ ಭಾಗದ ಕೆಲಸದಲ್ಲೇ ಮುಗಿಯುತ್ತದೆ. ಕಂಪ್ರೆಷನ್ ಗೇಜ್ ಯಾರಾದರೂ ಕೊಟ್ಟರೆ ಆರೂ ಸಿಲಿಂಡರ್ ನೋಡಿ ಬರೆದಿಟ್ಟುಕೊಳ್ಳಿ. ಎಲ್ಲಾ ಒಂದೇ ಸಮ ಕಡಿಮೆ ಇದ್ದರೆ ಅದು ವಯಸ್ಸಿನ ಸವೆತ. ಒಂದೇ ಸಿಲಿಂಡರ್ ಬಿದ್ದಿದ್ದರೆ ಅಲ್ಲಿ ಬೇರೆ ಏನೋ ಆಗಿದೆ: ವಾಲ್ವ್ ಸುಟ್ಟಿರಬಹುದು, ರಿಂಗ್ ಮುರಿದಿರಬಹುದು.

ಆಯಿಲ್ ಪ್ರೆಶರ್ ವಿಷಯದಲ್ಲಿ ಗೇಜನ್ನೇ ನಂಬಬೇಡಿ. ಹಳೆ ಗಾಡಿಯ ಗೇಜು ಸುಳ್ಳು ಹೇಳುತ್ತದೆ. ಬೇರೆ ಗಾಡಿಯ ಒಳ್ಳೆ ಗೇಜ್ ಕಟ್ಟಿ ನೋಡಿ. ಆಗಲೂ ಬಿಸಿಯಲ್ಲಿ ಪ್ರೆಶರ್ ಬಿದ್ದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಪ್ಪ ಶಾಫ್ಟು) ಬೇರಿಂಗ್ ಸವೆದಿದೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಆಯಿಲ್ ಪಂಪು, ರಿಲೀಫ್ ವಾಲ್ವು ಕೂಡ ಕಾರಣ ಇರಬಹುದು. ಆದರೆ ಚೇಂಬರ್, ಅಂದರೆ ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ, ಇಳಿಸಿದಾಗ ಎಲ್ಲವೂ ಹೇಗೂ ಕಾಣುತ್ತವೆ.

ಇನ್ನೊಂದು ಪ್ರಶ್ನೆ ನೀವು ಕೇಳಲಿಲ್ಲ, ನಾನೇ ಕೇಳುತ್ತೇನೆ. ಈ ಎಂಜಿನ್ ಸವೆದಿದ್ದು ಯಾಕೆ? ಏರ್ ಕ್ಲೀನರ್‌ನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬೆರಳು ಆಡಿಸಿ. ಬೆರಳಿಗೆ ಕೆಂಪು ಧೂಳು ಹತ್ತಿದರೆ ಉತ್ತರ ಸಿಕ್ಕಿತು. ಹೋಸ್ ಬಿರುಕು ಬಿಟ್ಟಿದೆ, ಇಲ್ಲಾ ಕ್ಲಿಪ್ ಸಡಿಲ, ಇಲ್ಲಾ ಆಯಿಲಿನಿಂದ ಧೂಳು ಹಿಡಿಯುವ ಆಯಿಲ್ ಬಾತ್ ಕ್ಲೀನರ್‌ನಲ್ಲಿ ಆಯಿಲ್ ಬದಲು ಕೆಸರಿದೆ. ತೋಟದ ದಾರಿಯ ಧೂಳು ಅಂದರೆ ರಿಂಗಿಗೆ ಮರಳು ಕಾಗದ ಇದ್ದ ಹಾಗೆ. ಇದನ್ನು ಸರಿ ಮಾಡದೆ ಹೊಸ ರಿಂಗ್ ಹಾಕಿದರೆ ಬಹಳ ದಿನ ಬಾಳಿಕೆ ಬರೋದಿಲ್ಲ. ಹಾಗಾಗಿ ನಿಮ್ಮ 80 ಸಾವಿರದಲ್ಲಿ ಮೊದಲ ಖರ್ಚು ಈ ಹೋಸು, ಎರಡು ಕ್ಲಿಪ್ಪು.

ಈಗ ಬಿಚ್ಚುವ ಮಾತು. ಎಂಜಿನ್ ಇಳಿಸುವ ಮೊದಲು ಅದು ಗಾಡಿಯಲ್ಲೇ ಇರುವ ಹಾಗೆ ಹೆಡ್ ತೆಗೆಯಿರಿ, ಚೇಂಬರ್ ಇಳಿಸಿ. ಇಷ್ಟಕ್ಕೆ ಖರ್ಚು ಏನೂ ಇಲ್ಲ, ಒಂದು ಹೆಡ್ ಪ್ಯಾಕಿಂಗ್ (ಗ್ಯಾಸ್ಕೆಟ್), ಒಂದು ಚೇಂಬರ್ ಪ್ಯಾಕಿಂಗ್ ಹೋಗುತ್ತದೆ ಅಷ್ಟೇ. ಆದರೆ ನಿಮ್ಮದು ಗಾಡಿಯಲ್ಲೇ ಮುಗಿಯುವ ಹಾಫ್ ಎಂಜಿನ್ ಕೆಲಸವೋ, ಇಳಿಸಿ ಮಾಡುವ ಫುಲ್ ಎಂಜಿನ್ ಕೆಲಸವೋ ಅನ್ನೋದು ಇಲ್ಲೇ ಗೊತ್ತಾಗುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ವಾಲ್ವ್ ತೆರೆಸುವ ಪುಶ್ ರಾಡ್‌ಗಳನ್ನು ಒಂದು ರಟ್ಟಿಗೆ ತೂತು ಮಾಡಿ, ನಂಬರ್ ಬರೆದು, ಬಂದ ಕ್ರಮದಲ್ಲೇ ಸಿಕ್ಕಿಸಿಡಿ. ಯಾವುದು ಎಲ್ಲಿ ಸವೆದಿತ್ತೋ ಅದು ಅಲ್ಲಿಗೇ ವಾಪಸ್ ಹೋಗಬೇಕು.

ಬೋರ್ ಅಳೆಯೋದಕ್ಕೆ ಬೋರ್ ಗೇಜ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಒಂದು ಪಿಸ್ಟನ್ ರಿಂಗು, ಸಂದು ಅಳೆಯುವ ತೆಳು ತಗಡುಗಳ ಒಂದು ಫೀಲರ್ ಗೇಜು ಸಾಕು. ನನ್ನ ಗುರುಗಳು ಕಲಿಸಿದ ಉಪಾಯ ಇದು, ನಾನು ಈಗಲೂ ಬಳಸುತ್ತೇನೆ. ಒಂದು ಪಿಸ್ಟನ್ ಹೊರಗೆ ತೆಗೆದು (ಅದಕ್ಕೆ ಮೊದಲು ಕೆಳಗಿನ ಬೇರಿಂಗ್ ಕ್ಯಾಪ್ ಬಿಚ್ಚಬೇಕು, ಹೇಗೆ ಅಂತ ಮುಂದೆ ಹೇಳಿದ್ದೇನೆ), ಅದರ ಮೇಲಿನ ರಿಂಗ್ ಬಿಡಿಸಿಕೊಳ್ಳಿ. ರಿಂಗನ್ನು ಬೋರಿನ ತಳದ ಹತ್ತಿರ, ರಿಂಗುಗಳು ಓಡಾಡದ ಜಾಗದಲ್ಲಿ ಇಡಿ. ಪಿಸ್ಟನ್ನಿನ ತಲೆಯಿಂದ ತಳ್ಳಿ ನೆಟ್ಟಗೆ ಕೂರಿಸಿ. ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್‌ನಿಂದ ಅಳೆಯಿರಿ. ಈಗ ಅದೇ ರಿಂಗನ್ನು ಮೇಲೆ ತನ್ನಿ. ಬೋರಿನ ಮೇಲ್ತುದಿಯಲ್ಲಿ ಒಂದು ಮೆಟ್ಟಿಲು ಉಗುರಿಗೆ ತಾಗುತ್ತದಲ್ಲ, ಅದರ ಸ್ವಲ್ಪ ಕೆಳಗೆ ಕೂರಿಸಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಅಗಲವಾಗಿದೆ ಅಂತ ಬರುತ್ತದೆ. ತಳದಲ್ಲಿ 0.60, ಮೇಲೆ 1.35 ಬಂತು ಅಂದುಕೊಳ್ಳಿ. ವ್ಯತ್ಯಾಸ 0.75. ಭಾಗಿಸಿದರೆ ಹೆಚ್ಚು ಕಡಿಮೆ 0.24 ಮಿ.ಮೀ. ಆ ಬೋರಿಗೆ ಬರೀ ರಿಂಗ್ ಹಾಕಿ ಪ್ರಯೋಜನ ಇಲ್ಲ. ಸವೆತ 0.10 ಮಿ.ಮೀ.ಗಿಂತ ಕಡಿಮೆ ಇದ್ದು, ಗೀರು ಇಲ್ಲದಿದ್ದರೆ ಹೋನಿಂಗ್ ಮಾಡಿಸಿ, ಅಂದರೆ ಬೋರಿನ ಒಳಮೈ ಕಲ್ಲಿನಿಂದ ಉಜ್ಜಿಸಿ, ಹೊಸ ರಿಂಗ್ ಹಾಕಬಹುದು. ನಡುವೆ ಬಂದರೆ ಲೇತಿನವರ ಹತ್ತಿರ ಬೋರ್ ಗೇಜಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಅಳೆಸಿ ತೀರ್ಮಾನ ಮಾಡಿ. ರಿಂಗಿನ ಲೆಕ್ಕ ಸರಾಸರಿ ಹೇಳುತ್ತದೆ, ಬೋರು ಮೊಟ್ಟೆ ಆಕಾರಕ್ಕೆ ಹೋಗಿದ್ದನ್ನು ಹೇಳೋದಿಲ್ಲ.

ಇನ್ನು ಬೇರಿಂಗ್ ಮಾತು. ಕೆಳಗೆ ಮಲಗಿ, ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ದೊಡ್ಡ ತುದಿಯ ಒಂದು ಬೇರಿಂಗ್ ಕ್ಯಾಪ್ ಬಿಚ್ಚಿ. ಬಿಚ್ಚುವ ಮೊದಲು ರಾಡಿನ ಮೇಲೂ ಕ್ಯಾಪಿನ ಮೇಲೂ ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಪಂಚ್ ಹಾಕಿ. ಕ್ಯಾಪ್ ಅದಲು ಬದಲಾದರೆ ಆ ರಾಡ್ ಹಾಳಾದ ಹಾಗೆ. ಒಳಗಿನ ಅರ್ಧ ಬಳೆಯಂಥ ಬೇರಿಂಗ್ ಚಿಪ್ಪನ್ನು ಬಿಸಿಲಿಗೆ ಹಿಡಿದು ನೋಡಿ. ಒಳ್ಳೆಯ ಚಿಪ್ಪು ಒಂದೇ ಸಮನೆ ಮಂಕು ಬೂದಿ ಬಣ್ಣ ಇರುತ್ತದೆ. ನಡುವೆ ತಾಮ್ರದ ಬಣ್ಣ ಹೊಳೆಯುತ್ತಿದ್ದರೆ ಮೇಲಿನ ಪದರ ಸವೆದು ಹೋಗಿದೆ. ಮೈಮೇಲೆ ಸಣ್ಣ ಕಪ್ಪು ಚುಕ್ಕೆಗಳು ಹೂತಿದ್ದರೆ ಆಯಿಲಿನಲ್ಲಿ ಕೊಳೆ ಓಡಿದೆ. ಒಂದು ಅಂಚಿನಲ್ಲಿ ಮಾತ್ರ ಸವೆತ ಇದ್ದರೆ ರಾಡ್ ಬಾಗಿರಬಹುದು, ಅದನ್ನು ಲೇತಿನಲ್ಲಿ ತೋರಿಸಲೇಬೇಕು. ಆಮೇಲೆ ಕ್ರ್ಯಾಂಕ್ ಜರ್ನಲ್, ಅಂದರೆ ಬೇರಿಂಗ್ ಕೂರುವ ದುಂಡು ಭಾಗದ ಮೇಲೆ ಉಗುರು ಅಡ್ಡಡ್ಡ ಎಳೆಯಿರಿ. ಉಗುರು ಎಲ್ಲೂ ಸಿಕ್ಕದೆ ಜಾರಿದರೆ, ಮೈಕ್ರೋಮೀಟರ್ ಅಳತೆಯೂ ಸರಿ ಬಂದರೆ, ಅದೇ ಸೈಜಿನ ಹೊಸ ಬೇರಿಂಗ್ ಸಾಕು. ಗೀರು ಸಿಕ್ಕಿದರೆ ಗ್ರೈಂಡಿಂಗ್ ಆಗಬೇಕು. ಹಿಂದೆ ಎಷ್ಟು ಗ್ರೈಂಡಿಂಗ್ ಆಗಿದೆ ಅಂತ ಬೇರಿಂಗ್ ಚಿಪ್ಪಿನ ಬೆನ್ನಿನ ಮೇಲೆ ಬರೆದಿರುತ್ತದೆ: ಸ್ಟ್ಯಾಂಡರ್ಡ್, 0.25, 0.50, ಹೀಗೆ. ನಮ್ಮ ಕಡೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಟೆನ್, ಟ್ವೆಂಟಿ ಅಂತ ಕರೆಯೋದು ಇದನ್ನೇ. ಅಂಗಡಿಗೆ ಹೋಗುವಾಗ ಹಳೆ ಚಿಪ್ಪು ಜೇಬಿನಲ್ಲಿರಲಿ.

ಇಷ್ಟಾದ ಮೇಲೆ ಕೂತು ಲೆಕ್ಕ ಹಾಕಿ. ಬೋರ್ ಚೆನ್ನಾಗಿದೆ, ಕ್ರ್ಯಾಂಕ್ ಚೆನ್ನಾಗಿದೆ ಅಂದರೆ ಎಂಜಿನ್ ಇಳಿಸುವ ಕೆಲಸವೇ ಇಲ್ಲ. ಗಾಡಿಯಲ್ಲೇ ರಿಂಗು, ಬೇರಿಂಗು, ಹೆಡ್ ಕೆಲಸ ಮುಗಿಸಬಹುದು, ನಿಮ್ಮ ಹಣದಲ್ಲಿ ಮಿಗುತ್ತದೆ ಕೂಡ. ಬೋರ್ ಹೋಗಿದೆ, ಕ್ರ್ಯಾಂಕ್ ಇದೆ ಅಂದರೆ ಬ್ಲಾಕ್ ಇಳಿಸಬೇಕು. ಈ ಬ್ಲಾಕಿನಲ್ಲಿ ನೀರು ನೇರ ತಾಗುವ ವೆಟ್ ಲೈನರ್ (ಬಿಡಿಯಾಗಿ ಬರುವ ಬೋರಿನ ಕೊಳವೆ) ಇಲ್ಲ, ಕೈಯಲ್ಲಿ ಎಳೆದು ಬದಲಿಸೋ ಹಾಗಿಲ್ಲ. ಲೈನರ್ ಪ್ರೆಸ್ ಮಾಡಿ ಕೂರಿಸೋದು, ಬೋರ್ ಮಾಡೋದು, ಹೋನ್ ಮಾಡೋದು ಎಲ್ಲಾ ಬೋರಿಂಗ್ ಮೆಷಿನ್ ಇರುವವರ ಕೆಲಸ. ಅಲ್ಲಿ ಚೌಕಾಸಿ ಜಾಸ್ತಿ ಮಾಡಬೇಡಿ. ಪಿಸ್ಟನ್ ಮೊದಲು ಕೊಂಡು ಅವರ ಕೈಗೆ ಕೊಡಿ, ಪಿಸ್ಟನ್ ನೋಡಿಯೇ ಬೋರ್ ಮಾಡಲಿ. ಎರಡೂ ಹೋಗಿದ್ದರೆ 80 ಸಾವಿರ ಬಿಗಿಯಾಗುತ್ತದೆ. ಆಗ ಅರ್ಧಂಬರ್ಧ ಮಾಡಬೇಡಿ. ಬ್ಲಾಕು, ಕ್ರ್ಯಾಂಕು ಎರಡಕ್ಕೂ ಆಯಿಲ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಇಟ್ಟು, ಕಾಯಿ ದುಡ್ಡು ಬರುವ ತನಕ ಕಾಯಿರಿ. ಸವೆದ ಕ್ರ್ಯಾಂಕಿನ ಮೇಲೆ ಹೊಸ ಪಿಸ್ಟನ್ ಕೂರಿಸಿದರೆ ಎರಡು ಸಲ ಬಿಚ್ಚಬೇಕಾಗುತ್ತದೆ.

ಎಂಜಿನ್ ಇಳಿಸುವುದಾದರೆ ಹುಣಸೆ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಬೇಡಿ. ಕಾಲು ಟನ್ನಿಗಿಂತ ಎಷ್ಟೋ ಜಾಸ್ತಿ ತೂಕ ಅದು. ದಪ್ಪ ಪೈಪಿನ ಮೂರು ಕಾಲಿನ ಸ್ಟ್ಯಾಂಡ್, 1 ಟನ್ ಚೈನ್ ಪುಲ್ಲಿ ಎರಡೂ ಬಾಡಿಗೆಗೆ ಸಿಗುತ್ತವೆ, ಬೋರ್‌ವೆಲ್ ಮೋಟಾರ್ ಎತ್ತುವವರ ಹತ್ತಿರ ಕೇಳಿ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈ ಕೂಡ ಹೋಗಬಾರದು.

ಬೋರ್‌ವೆಲ್ ಅಂದಾಗ ನೆನಪಾಯಿತು. ನಿಮ್ಮ ಕಡೆಯ ಗಡಸು ನೀರು ರೇಡಿಯೇಟರಿಗೆ ಹಾಕುತ್ತಿದ್ದರೆ ಬ್ಲಾಕಿನ ಒಳಗೆ ಬಿಳಿ ಉಪ್ಪು ಕಟ್ಟಿರುತ್ತದೆ. ಪಾತ್ರೆ ಕಾಯಿಸಿದಾಗ ತಳದಲ್ಲಿ ಹಿಡಿಯುತ್ತದಲ್ಲ, ಅದೇ. ಉಪ್ಪಿನ ಪದರ ಶಾಖ ಬಿಡೋದಿಲ್ಲ. ಬ್ಲಾಕಿನ ಪಕ್ಕದ ವಾಟರ್ ಪ್ಲಗ್‌ಗಳನ್ನು ತೆಗೆಸಿ, ಕಂಬಿ ಹಾಕಿ ಕೆರೆದು, ಪ್ರೆಶರ್ ನೀರಿನಲ್ಲಿ ತೊಳೆಯಿರಿ. ಹಿಂದಿನ ಸಿಲಿಂಡರ್‌ಗಳ ಸುತ್ತ ಜಾಸ್ತಿ ಗಮನ ಕೊಡಿ. ಮುಂದೆ ಕೂಲಂಟ್ ಹಾಕಿ, ಅದಕ್ಕೆ ಬೆರೆಸಲು ಮಳೆನೀರು ಹಿಡಿದಿಟ್ಟುಕೊಂಡರೂ ಆಗುತ್ತದೆ.

ಹೆಡ್ ಕೆಲಸದಲ್ಲಿ ಅರ್ಧ ನಿಮ್ಮದೇ. ಮೊದಲು ಹೆಡ್ಡಿಗೆ ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸಿ. ಎರಡು ವಾಲ್ವ್ ಸೀಟಿನ ನಡುವಿನ ಸಣ್ಣ ಜಾಗವೇ ಮೊದಲು ಸೀಳೋದು. ಬಿರುಕಿಲ್ಲ ಅಂತ ಆದ ಮೇಲೆ ಗೈಡು, ಸೀಟು ಅವರೇ ಮಾಡಲಿ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವ್ ಉಜ್ಜೋದು ಸಂಜೆ ಹೊತ್ತು ಮನೆಯಲ್ಲಿ ಮಾಡುವ ಕೆಲಸ. ಉಜ್ಜಿ, ಒರೆಸಿ, ಸ್ಪ್ರಿಂಗ್ ಹಾಕಿ, ಹೆಡ್ಡನ್ನು ವಾಲಿಸಿ ಪೋರ್ಟ್ ಒಳಗೆ ಸೀಮೆಎಣ್ಣೆ ಇಲ್ಲಾ ಡೀಸೆಲ್ ತುಂಬಿ. ಹತ್ತು ನಿಮಿಷ ವಾಲ್ವ್ ಅಂಚಿನಲ್ಲಿ ಒದ್ದೆ ಆಗಬಾರದು. ಒದ್ದೆ ಆದರೆ ಮತ್ತೆ ಉಜ್ಜಿ. ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ತಳ ಮೆಷಿನ್‌ನಲ್ಲಿ ಸಮ ಮಾಡೋದು, ಮಾತ್ರ ಎಷ್ಟು ಬೇಕೋ ಅಷ್ಟೇ ಇರಲಿ. ಜಾಸ್ತಿ ಹೊಡೆಸಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ತಾಗುತ್ತದೆ.

ಡೀಸೆಲ್ ಪಂಪನ್ನು ಮನೆಯಲ್ಲಿ ಬಿಚ್ಚಬೇಡಿ. ಇನ್‌ಲೈನ್ ಪಂಪು ಕ್ಯಾಲಿಬ್ರೇಷನ್ ಮೆಷಿನ್ ಮೇಲೆ ಕೂರಬೇಕು. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಂಪನಿ, ಅಂದರೆ ಈಗಿನ ಬಾಷ್, ಇಂಥ ಪಂಪುಗಳನ್ನು ನಮ್ಮ ಬೆಂಗಳೂರಿನಲ್ಲೇ ಮಾಡುತ್ತಿತ್ತು. ಹಾಗಾಗಿ ಈ ಕೆಲಸ ಬಲ್ಲವರು ನಮ್ಮ ರಾಜ್ಯದಲ್ಲಿ ಹುಡುಕಿದರೆ ಸಿಗುತ್ತಾರೆ. ಮೊದಲು ಡೀಸೆಲ್ ಚಿಮ್ಮಿಸುವ ನಾಝಲ್ ಮಾತ್ರ ಪರೀಕ್ಷೆ ಮಾಡಿಸಿ. ಸ್ಪ್ರೇ ಸರಿ ಇದ್ದು, ಪಂಪಿನಲ್ಲಿ ತೊಂದರೆ ಇಲ್ಲದಿದ್ದರೆ ಅಲ್ಲಿ ಹಣ ಉಳಿಸಬಹುದು.

ಉಳಿಸುವ ಮಾತು ಬಂತು. ಕ್ಯಾಮ್ ಶಾಫ್ಟು, ಪುಶ್ ರಾಡು, ಟೈಮಿಂಗ್ ಗೇರು, ಕನೆಕ್ಟಿಂಗ್ ರಾಡು ಇವು ನೋಡೋದಕ್ಕೆ, ಅಳತೆಗೆ ಸರಿ ಇದ್ದರೆ ಹಳೆಯವೇ ಇರಲಿ. ಬೇರಿಂಗು, ರಿಂಗು, ಹೆಡ್ ಪ್ಯಾಕಿಂಗು, ಆಯಿಲ್ ಸೀಲು ಈ ನಾಲ್ಕರಲ್ಲಿ ಅಗ್ಗದ ಮಾಲು ಬೇಡವೇ ಬೇಡ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಒಂದು ದಿನ ಹೋಗಿ ಬನ್ನಿ, ಮೂರು ಅಂಗಡಿಯಲ್ಲಿ ದರ ಕೇಳಿ, ಬಿಲ್ ಇಲ್ಲದೆ ಏನನ್ನೂ ತರಬೇಡಿ. ಡೂಪ್ಲಿಕೇಟ್ ಡಬ್ಬಿ ಅಸಲಿಯಷ್ಟೇ ಚೆನ್ನಾಗಿ ಕಾಣುತ್ತದೆ. ಬ್ಲಾಕನ್ನೇ ಬದಲಿಸುವ ಪ್ರಸಂಗ ಬಂದರೆ ನೆನಪಿಡಿ, ಎಂಜಿನ್ ನಂಬರ್ ಬ್ಲಾಕಿನ ಮೇಲಿದೆ. ಹಳೆ ಬ್ಲಾಕ್ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ಇರಬೇಕು, ಆರ್‌ಸಿಯಲ್ಲೂ ಬದಲಾಯಿಸಬೇಕು. ಇಲ್ಲದಿದ್ದರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋದಾಗ ಗಾಡಿ ನಿಂತುಬಿಡುತ್ತದೆ.

ಈಗ ನನ್ನ ಮನಸ್ಸಿನಲ್ಲಿ ಇವತ್ತಿಗೂ ಕೂತಿರುವ ಒಂದು ಘಟನೆ. ಬಹಳ ವರ್ಷದ ಹಿಂದೆ ಒಂದು ಲಾರಿಯ ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕೊಟ್ಟಿದ್ದೆ. ಕನ್ನಡಿ ಹಾಗೆ ಹೊಳೆಯುತ್ತಾ ಬಂತು. ಮೇಲೆ ಒರೆಸಿ ಕೂರಿಸಿದೆ. 40 ಕಿ.ಮೀ. ಹೋಗುವಷ್ಟರಲ್ಲಿ ಕೆಳಗಿನಿಂದ ಟಕ್ ಟಕ್ ಶಬ್ದ. ಬಿಚ್ಚಿದರೆ ಎರಡು ಬೇರಿಂಗ್ ಕರಗಿತ್ತು. ಕ್ರ್ಯಾಂಕಿನ ಒಳಗಿನ ಆಯಿಲ್ ತೂತಿನಲ್ಲಿ ಗ್ರೈಂಡಿಂಗ್ ಕಲ್ಲಿನ ಪುಡಿ ತುಂಬಿಕೊಂಡಿತ್ತು. ಆಯಿಲ್ ಜೊತೆ ಅದೇ ಬಂದು ಹೊಸ ಬೇರಿಂಗ್ ತಿಂದುಹಾಕಿತ್ತು. ಮಾಲೀಕರು ಸಾಲ ಮಾಡಿ ಆ ಕೆಲಸ ಮಾಡಿಸಿದ್ದರು. ಅವತ್ತಿನಿಂದ ಕ್ರ್ಯಾಂಕ್ ಲೇತಿನಿಂದ ಬಂದ ಕೂಡಲೇ ಒಂದೊಂದು ಆಯಿಲ್ ತೂತಿನಲ್ಲೂ ಬಟ್ಟೆಯ ದಾರ ತೂರಿಸಿ, ಡೀಸೆಲ್‌ನಲ್ಲಿ ಅದ್ದಿ ಹಿಂದೆ ಮುಂದೆ ಎಳೆಯುತ್ತೇನೆ. ದಾರ ಬೆಳ್ಳಗೆ ಬರುವ ತನಕ ನಿಲ್ಲಿಸೋದಿಲ್ಲ. ಆಮೇಲೆ ಕಂಪ್ರೆಸರ್ ಗಾಳಿ. ಬ್ಲಾಕಿನೊಳಗೆ ಆಯಿಲ್ ಹರಿಯುವ ದಾರಿ, ಅಂದರೆ ಆಯಿಲ್ ಗ್ಯಾಲರಿಗೂ ಪ್ಲಗ್ ಬಿಚ್ಚಿ ಹೀಗೇ ಮಾಡಿ. ಈ ಕೆಲಸ ಪೂರ್ತಿ ನಿಮ್ಮದು. ಲೇತಿನವರು ಮಾಡಿದ್ದೇವೆ ಅಂದರೂ ನೀವು ಮತ್ತೆ ಮಾಡಿ.

ಜೋಡಿಸುವಾಗ ಅವಸರ ಬೇಡ. ಜಾಗ ಗುಡಿಸಿ, ನೀರು ಚಿಮುಕಿಸಿ, ಹಳೆ ಸೀರೆ ಹಾಸಿಕೊಳ್ಳಿ. ಬೇರಿಂಗ್ ಚಿಪ್ಪಿನ ಬೆನ್ನು ಒಣಗಿರಬೇಕು, ಮುಖಕ್ಕೆ ಆಯಿಲ್. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ಒಂದು ಮೈನ್ ಕ್ಯಾಪ್ ಬಿಗಿ ಮಾಡಿ, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಬಿಗಿ ಮಾಡಿ, ಮತ್ತೆ ತಿರುಗಿಸಿ. ಹೀಗೆ ಮಾಡಿದರೆ ಯಾವ ಕ್ಯಾಪಿನಲ್ಲಿ ಬಿಗಿಯಾಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಎಲ್ಲಾ ಒಟ್ಟಿಗೆ ಬಿಗಿ ಮಾಡಿ ಆಮೇಲೆ ಹುಡುಕೋದು ತಲೆನೋವು. ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬೋರಿನಲ್ಲಿಟ್ಟು ಸಂದು ನೋಡಿ, ಈ ಬೋರಿಗೆ 0.30ರಿಂದ 0.50 ಮಿ.ಮೀ. ಒಳಗೆ ಇರಲಿ. ಸಂದೇ ಇಲ್ಲದ ರಿಂಗ್ ಬಿಸಿಯಾದಾಗ ಹಿಗ್ಗಿ ಬೋರನ್ನು ಕಿತ್ತುಹಾಕುತ್ತದೆ. ‘ಟಾಪ್’ ಅಂತ ಬರೆದ ಕಡೆ ಮೇಲೆ ಬರಬೇಕು. ರಿಂಗಿನ ಸಂದುಗಳು ಒಂದರ ಕೆಳಗೊಂದು ಬರಬಾರದು. ಟಾರ್ಕ್ ವ್ರೆಂಚ್ ಇಲ್ಲದೆ ಹೆಡ್ಡು, ರಾಡು, ಮೈನು ಯಾವುದನ್ನೂ ಮುಟ್ಟಬೇಡಿ. ಬಾಡಿಗೆಗೆ ತನ್ನಿ, ಸಾಲ ಕೇಳಿ. ಎಷ್ಟು ಟಾರ್ಕ್ ಅನ್ನೋದನ್ನು ನಿಮ್ಮ ಎಂಜಿನ್ನಿನ ಮ್ಯಾನುಯಲ್‌ನಲ್ಲೇ ನೋಡಿ, ಬಾಯಿಮಾತು ನಂಬಬೇಡಿ. ಹೆಡ್ ಬೋಲ್ಟ್ ನಡುವಿನಿಂದ ಶುರು ಮಾಡಿ ಹೊರಗೆ, ಮೂರು ಸುತ್ತಿನಲ್ಲಿ. ಟಪೆಟ್ ಸಂದು, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಜಾಗ, ಎಂಜಿನ್ ತಣ್ಣಗಿದ್ದಾಗ ಇನ್‌ಲೆಟ್ 0.20, ಎಕ್ಸಾಸ್ಟ್ 0.30 ಮಿ.ಮೀ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಕ್ರಮ, 1-5-3-6-2-4.

ಸ್ಟಾರ್ಟ್ ಮಾಡುವ ದಿನ ಸ್ಟಾಪ್ ಕೇಬಲ್ ಎಳೆದು ಹಿಡಿದು, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ, ಆಯಿಲ್ ಪ್ರೆಶರ್ ಮುಳ್ಳು ಏಳುವ ತನಕ. ಆಮೇಲೆ ಡೀಸೆಲ್ ಲೈನಿನ ಗಾಳಿ ತೆಗೆಯಿರಿ. ಏರ್ ಇನ್‌ಲೆಟ್ ಪಕ್ಕದಲ್ಲಿ ಒಬ್ಬರು ದಪ್ಪ ಹಲಗೆ ಹಿಡಿದು ನಿಂತಿರಲಿ. ಎಂಜಿನ್ ಹಿಡಿತ ತಪ್ಪಿ ರೇಸ್ ಏರತೊಡಗಿದರೆ ಗಾಳಿ ಮುಚ್ಚೋದೊಂದೇ ದಾರಿ, ಕೈ ಅಡ್ಡ ಇಡಬಾರದು. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಸ್ಲೋ ಮೇಲೆ ಬಿಡಬೇಡಿ, ಹಾಗೆ ಬಿಟ್ಟರೆ ರಿಂಗು ಬೋರಿಗೆ ಕೂರೋದಿಲ್ಲ. ಬಿಸಿಯಾಯಿತು, ಸೋರಿಕೆ ಇಲ್ಲ ಅಂದರೆ ರಸ್ತೆಗೆ ತೆಗೆದುಕೊಂಡು ಹೋಗಿ. ಮೊದಲ 1,000 ಕಿ.ಮೀ. ಅರ್ಧ ಲೋಡು, ಗೇರ್ ಬದಲಿಸುತ್ತಾ ಹದವಾಗಿ ಓಡಿಸಿ. 500 ಕಿ.ಮೀ.ಗೆ ಆಯಿಲು, ಫಿಲ್ಟರ್ ಬದಲಿಸಿ, ಟಪೆಟ್ ಮತ್ತೆ ನೋಡಿ, ಮ್ಯಾನುಯಲ್ ಹೇಳಿದ ಹಾಗೆ ಹೆಡ್ ಬೋಲ್ಟನ್ನೂ ನೋಡಿ.

ಸದ್ಯಕ್ಕೆ ಇದೆಲ್ಲ ದೂರದ ಮಾತು. ಈ ವಾರ ಏರ್ ಹೋಸ್ ನೋಡಿ, ಹೆಡ್ ತೆಗೆಯಿರಿ, ಚೇಂಬರ್ ಇಳಿಸಿ. ಆರು ಬೋರಿನ ಮೇಲೆ ಒಂದು, ಕೆಳಗೆ ಒಂದು, ಒಟ್ಟು 12 ಅಳತೆ ಒಂದು ಹಾಳೆಯಲ್ಲಿ ಬರೆದು, ಬೇರಿಂಗ್ ಚಿಪ್ಪಿನ ಎರಡೂ ಕಡೆ ಫೋಟೋ ತೆಗೆದು ನನಗೆ ಕಳಿಸಿ. ಅದನ್ನು ನೋಡಿ ಏನೇನು ಕೊಳ್ಳಬೇಕು ಅಂತ ಪಟ್ಟಿ ಬರೆದುಕೊಡುತ್ತೇನೆ.